ಹಿತ್ತಲಿನಲ್ಲಿ ರಕೂನ್ ಕಾಟ: ಬೋನೋ, ಜಾಲರಿಯೋ, ಬರೀ ಲೈಟೋ?

ಟೊರೊಂಟೊ ಕಡೆ ಹೊಸದಾಗಿ ಮನೆ ಮಾಡಿದ ನಮ್ಮವರು ಮೊದಲ ಬೇಸಿಗೆಯಲ್ಲಿ ಕೇಳುವ ಪ್ರಶ್ನೆ ಹೆಚ್ಚೂಕಡಿಮೆ ಒಂದೇ. ರಕೂನ್, ಅಂದರೆ ಕಣ್ಣಿನ ಸುತ್ತ ಕಪ್ಪು ಪಟ್ಟೆಯಿರುವ ಆ ರಾತ್ರಿಪ್ರಾಣಿ, ಅದನ್ನು ಹಿಡಿಯೋ ಬೋನು ಎಲ್ಲಿ ಸಿಗುತ್ತೆ? ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಆದರೆ ತರಬೇಡಿ. ಅದೇ ದುಡ್ಡಿಗೆ ಒಂದು ಸುತ್ತು ಗಟ್ಟಿ ತಂತಿ ಜಾಲರಿ ತನ್ನಿ, ಅದು ವರ್ಷಗಟ್ಟಲೆ ಕೆಲಸಕ್ಕೆ ಬರುತ್ತದೆ. ಯಾಕೆ ಅಂತ ಕೆಳಗೆ ಹೇಳುತ್ತೇನೆ. ಅದಕ್ಕೂ ಮೊದಲು ರಕೂನ್ ನಿಮ್ಮ ಹಿತ್ತಲಿಗೆ ಯಾತಕ್ಕೆ ಬರುತ್ತಿದೆ ಅಂತ ಗೊತ್ತಾಗಬೇಕು. ಕಾರಣ ಗೊತ್ತಿಲ್ಲದೆ ಖರ್ಚು ಮಾಡಿದರೆ ಲೈಟು, ಸ್ಪ್ರೇ, ಬೋನು ಎಲ್ಲಾ ಗ್ಯಾರೇಜಿನ ಮೂಲೆ ಸೇರುತ್ತವೆ.

ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು. ಊಟ, ಬಿಡಾರ, ಇಲ್ಲವೇ ಮಣ್ಣಿನೊಳಗಿನ ಹುಳ.

ಕಸದ ಡಬ್ಬ ಉರುಳಿದ್ದರೆ ಊಟಕ್ಕೆ ಬಂದಿದೆ, ಅದು ಸುಲಭ. ಡೆಕ್, ಅಂದರೆ ಮನೆ ಹಿಂದಿನ ಮರದ ಜಗಲಿ, ಅದರ ಕೆಳಗೆ ಅಥವಾ ಶೆಡ್ ಪಕ್ಕ ಮಣ್ಣು ತೋಡಿದ ದೊಡ್ಡ ಬಿಲ ಇದ್ದರೆ, ಅಟ್ಟದಲ್ಲಿ ರಾತ್ರಿ ಧಡಧಡ ಸದ್ದಾದರೆ, ಬಿಡಾರ ಹೂಡಿದೆ ಅಂತ ಲೆಕ್ಕ. ಮೂರನೆಯದರಲ್ಲೇ ಜನ ಜಾಸ್ತಿ ಮೋಸ ಹೋಗೋದು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬೆಳಿಗ್ಗೆ ಎದ್ದು ನೋಡಿದರೆ ಲಾನ್ ಚಾಪೆ ಸುತ್ತಿದ ಹಾಗೆ ಮಗುಚಿ ಬಿದ್ದಿರುತ್ತದೆ. ಅದು ಹುಲ್ಲಿನ ಬೇರಿನಲ್ಲಿರುವ ಗೊಣ್ಣೆಹುಳಕ್ಕೆ ಬಂದದ್ದು. ಮುಂಗೈಯ ಐದೂ ಬೆರಳು ಹುಲ್ಲಿನ ಅಂಚಿನ ಕೆಳಗೆ ತೂರಿಸಿ, ಪದರವನ್ನು ಎತ್ತಿ ಮಡಚಿ, ಕೆಳಗಿನ ಮಣ್ಣನ್ನು ಕಣ್ಣಲ್ಲಿ ನೋಡದೆ ಬರೀ ಬೆರಳಲ್ಲಿ ತಡಕಿ ಹುಳ ಹೆಕ್ಕುತ್ತದೆ. ಇಡೀ ಲಾನ್ ಮಗುಚದೆ ಅಲ್ಲಲ್ಲಿ ಲಿಂಬೆಹಣ್ಣಿನಷ್ಟು ಅಗಲದ ಗುಂಡಿಗಳಿದ್ದರೆ ಅದು ರಕೂನ್ ಅಲ್ಲ, ಹೆದರಿದರೆ ಗಬ್ಬು ನಾರುವ ದ್ರವ ಚಿಮ್ಮಿಸುವ ಸ್ಕಂಕ್. ಅದಕ್ಕೆ ಬೋನು ಇಡೋ ಯೋಚನೆಯನ್ನೇ ಬಿಡಿ.

ಕಾಯಿ ಬಿಟ್ಟು ಬರೀ ಸೊಪ್ಪು ಹೋಗಿದ್ದರೂ ರಕೂನನ್ನು ಬೈಯಬೇಡಿ. ಮೆಂತ್ಯ, ಬಸಳೆ, ಹುರುಳಿ ಗಿಡದ ಚಿಗುರು ಮೇಯುವುದು ಹೆಚ್ಚಾಗಿ ಮೊಲ ಅಥವಾ ಬಿಲದಲ್ಲಿ ಬದುಕುವ ಅಳಿಲು ಜಾತಿಯ ಗ್ರೌಂಡ್‌ಹಾಗ್. ರಕೂನಿಗೆ ಬೇಕಿರುವುದು ಹಾಲು ತುಂಬಿದ ಮೆಕ್ಕೆಜೋಳ, ಹಣ್ಣಾದ ದ್ರಾಕ್ಷಿ, ಕರಬೂಜ. ನೀವು ನಾಳೆ ಕೀಳೋಣ ಅಂದುಕೊಂಡ ಜೋಳವನ್ನು ಇವತ್ತು ರಾತ್ರಿಯೇ ಸುಲಿದು ತಿಂದಿರುತ್ತದೆ.

ಕಸದ ಡಬ್ಬ: ಲಾಕೋ, ಹಗ್ಗವೋ

ಟೊರೊಂಟೊ ಸಿಟಿಯವರು 2016ರಲ್ಲಿ ರಕೂನಿಗೆ ಬಗ್ಗದ ಹೊಸ ಗ್ರೀನ್ ಬಿನ್, ಅಂದರೆ ಅಡುಗೆಮನೆ ಕಸದ ಡಬ್ಬ, ಹಂಚೋಕೆ ಶುರು ಮಾಡಿದರು. ಯೋಜನೆಯ ವೆಚ್ಚ 3 ಕೋಟಿ 10 ಲಕ್ಷ ಡಾಲರ್. ಒಂದು ಪ್ರಾಣಿ ಕಸ ತಿನ್ನದಿರಲಿ ಅಂತ ಒಂದು ಊರು ಇಷ್ಟು ಖರ್ಚು ಮಾಡಿದೆ ಅಂದರೆ ಕಾಟ ಎಷ್ಟಿತ್ತು ಅಂತ ಅಂದಾಜು ಮಾಡಿ. ಮುಚ್ಚಳದ ಮೇಲೆ ತಿರುಗಿಸುವ ಹಿಡಿ ಇದೆ. ಲಾರಿಯ ಕೈ ಡಬ್ಬವನ್ನು ತಲೆಕೆಳಗು ಮಾಡಿದಾಗ ಲಾಕ್ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ, ಉಳಿದಂತೆ ಹಿಡಿ ತಿರುಗಿಸಲೇಬೇಕು. 2018ರಲ್ಲಿ ಒಂದು ರಕೂನ್ ಡಬ್ಬವನ್ನು ಬೀಳಿಸಿ, ಹಿಡಿ ತಿರುಗಿಸಿ, ತೆಗೆದೂ ತೋರಿಸಿತು. ಅದು ಸುದ್ದಿಯಾಯಿತು. ಆದರೂ ಈ ಲಾಕ್ ಬಹುಪಾಲು ಕೆಲಸ ಮಾಡುತ್ತದೆ. ಡಬ್ಬ ಬೀಳದಂತೆ ಗೋಡೆಗೆ ಒತ್ತಿ ನಿಲ್ಲಿಸಿದರೆ ಇನ್ನೂ ಒಳ್ಳೆಯದು. ಲಾಕ್ ಕೆಟ್ಟಿದ್ದರೆ ಸಿಟಿಯ ಸಹಾಯವಾಣಿ 311ಕ್ಕೆ ಹೇಳಿ. ಎಷ್ಟೋ ಜನ ಮುರಿದ ಲಾಕನ್ನು ಹಾಗೇ ಇಟ್ಟುಕೊಂಡು ರಕೂನನ್ನು ಬೈಯುತ್ತಾ ಕೂತಿರುತ್ತಾರೆ.

ಎಳೆದರೆ ಹಿಗ್ಗುವ ಬಂಜಿ ಹಗ್ಗ ಎರಡನೇ ದರ್ಜೆಯದು. ಹಗ್ಗ ಬಿಗಿಯಾಗಿದ್ದಷ್ಟು ದಿನ ನಡೆಯುತ್ತದೆ, ಸಡಿಲವಾದರೆ ಮುಚ್ಚಳದ ಸಂದಿಯಲ್ಲಿ ಕೈ ಹೋಗುತ್ತದೆ. ಮುಚ್ಚಳದ ಮೇಲೆ ಇಟ್ಟಿಗೆ ಇಡೋದು ಸುಮ್ನೆ. ಎಲ್ಲಕ್ಕಿಂತ ಒಳ್ಳೆಯದು, ಕಾಸು ಖರ್ಚಿಲ್ಲದ್ದು, ಡಬ್ಬವನ್ನು ಗ್ಯಾರೇಜಿನೊಳಗೆ ಇಟ್ಟು ಕಸದ ಲಾರಿ ಬರುವ ದಿನ ಬೆಳಿಗ್ಗೆ ಹೊರಗಿಡುವುದು. ಹಿಂದಿನ ರಾತ್ರಿ ಅಲ್ಲ, ಬೆಳಿಗ್ಗೆ. ಮೀನು ತಿನ್ನುವ ಮನೆಯವರು ಬಂಗುಡೆ ತಲೆ, ಸಿಗಡಿ ಸಿಪ್ಪೆಯನ್ನು ಚೀಲಕ್ಕೆ ಹಾಕಿ ಲಾರಿ ಬರುವವರೆಗೂ ಫ್ರೀಜರಿನಲ್ಲಿಡಿ. ಮನೆಯವರು ಮೂಗು ಮುರಿಯಬಹುದು, ಆದರೆ ವಾಸನೆಯೇ ಇಲ್ಲದಿದ್ದರೆ ರಕೂನಿಗೆ ಕರೆಯೋಲೆಯೂ ಇಲ್ಲ.

ಇಲ್ಲಿ ನಮ್ಮವರಿಗೇ ಹೇಳಬೇಕಾದ ಒಂದು ಮಾತಿದೆ. ತಿಥಿ ದಿನ ಕಾಗೆಗೆ ಅಂತ ಡೆಕ್ ಕಟ್ಟೆಯ ಮೇಲೆ ಅನ್ನ ಇಡುತ್ತೇವೆ. ಊರಿನಿಂದ ಬಂದ ಅಪ್ಪ ಅಮ್ಮ ಉಳಿದ ಚಪಾತಿ, ಅನ್ನವನ್ನು ಹಿತ್ತಲಿಗೆ ಹಾಕುತ್ತಾರೆ, ಪಾಪ ಯಾವುದಾದರೂ ಪ್ರಾಣಿ ತಿನ್ನಲಿ ಅಂತ. ಕಾಗೆ ಬರುವುದು ಹಗಲಲ್ಲಿ. ರಾತ್ರಿ ಉಳಿದದ್ದಕ್ಕೆ ಬರುವವರು ಬೇರೆ. ಟೊರೊಂಟೊದಲ್ಲಿ 2023ರ ಏಪ್ರಿಲ್‌ನಿಂದ ಸ್ವಂತ ಜಾಗದಲ್ಲೂ ಕಾಡುಪ್ರಾಣಿಗಳಿಗೆ ಊಟ ಹಾಕುವಂತಿಲ್ಲ ಅಂತ ಬೈಲಾ, ಅಂದರೆ ಸಿಟಿಯ ನಿಯಮ, ಇದೆ. ಹಕ್ಕಿಕಾಳಿನ ಡಬ್ಬಿಗೆ ವಿನಾಯಿತಿ ಇದೆ, ಆದರೆ ನೆಲಕ್ಕೆ ಬಿದ್ದ ಕಾಳು ಗುಡಿಸಬೇಕು. ಹಿರಿಯರಿಗೆ ಬೇಜಾರಾಗದ ಹಾಗೆ ಮೊದಲೇ ಹೇಳಿಡಿ. ಬೆಕ್ಕು ನಾಯಿಗಳ ಊಟದ ತಟ್ಟೆಯೂ ಅಷ್ಟೇ, ಕತ್ತಲಾಗುವ ಮೊದಲು ಒಳಗೆ.

ಹೆದರಿಸುವ ಸಾಮಾನುಗಳು

ಲೈಟು, ರೇಡಿಯೋ, ಅಲ್ಟ್ರಾಸಾನಿಕ್ ಯಂತ್ರ, ನೀರು ಚಿಮ್ಮುವ ಸ್ಪ್ರಿಂಕ್ಲರ್. ಈ ನಾಲ್ಕರಲ್ಲಿ ಕೊಳ್ಳುವುದಿದ್ದರೆ ಸ್ಪ್ರಿಂಕ್ಲರ್ ಒಂದೇ ಕೊಳ್ಳಿ. ಹತ್ತಿರ ಬಂದದ್ದನ್ನು ಸೆನ್ಸರ್ ಗುರುತಿಸಿ ತಟಕ್ಕನೆ ನೀರು ಎರಚುತ್ತದೆ. ಸದ್ದೂ ಇದೆ, ನೀರೂ ಇದೆ, ಯಾವಾಗ ಬರುತ್ತದೆ ಅಂತ ಗೊತ್ತೂ ಆಗುವುದಿಲ್ಲ. ಮೀನಿನ ಕೊಳ, ತರಕಾರಿ ಪಾತಿ ಇಂಥ ಸಣ್ಣ ಜಾಗಕ್ಕೆ ಸರಿ. ಒಂದೇ ಕಡೆ ಇಟ್ಟರೆ ಪಕ್ಕದಿಂದ ಸುತ್ತಿಕೊಂಡು ಬರುವುದನ್ನು ಕಲಿಯುತ್ತದೆ, ಆದ್ದರಿಂದ ಆಗಾಗ ಜಾಗ ಬದಲಿಸುತ್ತಿರಬೇಕು. ಚಳಿಗಾಲಕ್ಕೆ ಮೊದಲು ನೀರು ಬಸಿದು ಒಳಗಿಡದಿದ್ದರೆ ಪೈಪು ಒಡೆಯುತ್ತದೆ.

ಲೈಟಿನ ವಿಷಯ ಹೇಳಬೇಕೇ? ಬೀದಿದೀಪದ ಕೆಳಗೆ ಹುಟ್ಟಿ ಬೆಳೆದ ಪ್ರಾಣಿ ಅದು. ಮೊದಲೆರಡು ರಾತ್ರಿ ಅನುಮಾನ ಪಡುತ್ತದೆ, ಆಮೇಲೆ ಅದೇ ಬೆಳಕಿನಲ್ಲಿ ಕೂತು ತಿನ್ನುತ್ತದೆ. ರೇಡಿಯೋ ಅಟ್ಟದೊಳಗೆ, ಶೆಡ್ ಒಳಗೆ, ಮುಚ್ಚಿದ ಜಾಗದಲ್ಲಿ ಸ್ವಲ್ಪ ಉಪಯೋಗ, ಬಯಲಲ್ಲಿ ಪಕ್ಕದ ಮನೆಯವರಿಗೆ ಮಾತ್ರ ತೊಂದರೆ. ಅಲ್ಟ್ರಾಸಾನಿಕ್‌ಗೆ ದುಡ್ಡು ಹಾಕಬೇಡಿ.

ವಾಸನೆ: ಅಮೋನಿಯಾ, ನುಸಿಗುಳಿಗೆ, ಖಾರದ ಪುಡಿ

ಖಾರದ ಪುಡಿ ನಮ್ಮ ಮನೆಗಳಲ್ಲಿ ಕಿಲೋಗಟ್ಟಲೆ ಇರುತ್ತದೆ, ಹಾಗಾಗಿ ಎಲ್ಲರಿಗೂ ಮೊದಲು ಹೊಳೆಯುವುದು ಅದೇ. ಒಂದು ಮಳೆ ಬಂದರೆ ಮುಗಿಯಿತು. ಗಾಳಿಗೆ ಹಾರಿ ಆಡುವ ಮಕ್ಕಳ ಕಣ್ಣಿಗೆ ಬೀಳುವುದು ಬೇರೆ. ನುಸಿಗುಳಿಗೆಯಂತೂ ಬೇಡವೇ ಬೇಡ. ಅದು ಬಟ್ಟೆಗೆ ಹುಳ ಹಿಡಿಯದಿರಲಿ ಅಂತ ಮುಚ್ಚಿದ ಡಬ್ಬದಲ್ಲಿಡುವ ವಿಷ. ಲೇಬಲ್ಲಿನಲ್ಲಿ ಹೇಳಿದ್ದು ಬಿಟ್ಟು ಹಿತ್ತಲಿಗೆ ಎರಚುವುದು ಕೆನಡಾದಲ್ಲೂ ಅಮೆರಿಕದಲ್ಲೂ ಕಾನೂನಿಗೆ ವಿರುದ್ಧ, ಜೊತೆಗೆ ಅಂಬೆಗಾಲಿಡುವ ಮಗುವಿಗೆ ಅದು ಪೆಪ್ಪರ್‌ಮಿಂಟಿನಂತೆಯೇ ಕಾಣುತ್ತದೆ.

ಅಮೋನಿಯಾದಲ್ಲಿ ಅದ್ದಿದ ಬಟ್ಟೆ ಮರಿಗಳಿಲ್ಲದ ಬಿಲಕ್ಕೆ ಒಂದೆರಡು ದಿನ ಕೆಲಸ ಮಾಡಬಹುದು. ಮರಿಗಳಿದ್ದರೆ ಅವು ಅಲ್ಲಾಡಲಾರವು, ಆ ಹೊಗೆಯಲ್ಲೇ ಉಸಿರಾಡುತ್ತಾ ಬಿದ್ದಿರುತ್ತವೆ. ಹಾಗಾಗಿ ನನ್ನ ಮಟ್ಟಿಗೆ ವಾಸನೆಯ ಆಯ್ಕೆಗಳೆಲ್ಲ ಪಟ್ಟಿಯಿಂದ ಹೊರಗೆ.

ಲಾನ್ ಮಗುಚಿದ್ದರೆ

ರಕೂನನ್ನು ಬಿಡಿ, ಹುಳ ನೋಡಿ. ಹುಳ ಹೋದರೆ ಅದೂ ಬರುವುದಿಲ್ಲ. ಟೊರೊಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ 2009ರಿಂದ ಅಂದಕ್ಕಾಗಿ ಲಾನಿಗೆ ರಾಸಾಯನಿಕ ಕೀಟನಾಶಕ ಹೊಡೆಯುವುದಕ್ಕೆ ನಿಷೇಧವಿದೆ, ಆದ್ದರಿಂದ ಇಲ್ಲಿಯ ಮುಖ್ಯ ದಾರಿ ನೆಮಟೋಡ್. ಕಣ್ಣಿಗೆ ಕಾಣದಷ್ಟು ಸಣ್ಣ ದಾರದಂಥ ಜೀವಿ, ಗೊಣ್ಣೆಹುಳದ ಮೈಯೊಳಗೆ ಹೊಕ್ಕು ಅದನ್ನು ಕೊಲ್ಲುತ್ತದೆ. ಮಲೆನಾಡಿನ ಅಡಿಕೆ ತೋಟದವರಿಗೆ ಇದು ಹೊಸದಲ್ಲ, ಅಲ್ಲಿ ಬೇರುಹುಳಕ್ಕೆ ಇದೇ ಗುಂಪಿನ ನೆಮಟೋಡ್ ಬಳಸುತ್ತಾರೆ. ಇಲ್ಲಿ ಗಾರ್ಡನ್ ಅಂಗಡಿಯ ಫ್ರಿಜ್ಜಿನಲ್ಲಿ ಸಿಗುತ್ತದೆ. ಹಾಕಬೇಕಾದದ್ದು ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗೆ, ಹುಳ ಇನ್ನೂ ಎಳೆಯದಿರುವಾಗ, ಮಣ್ಣು ಬೆಚ್ಚಗಿರುವಾಗ. ಸಂಜೆ ಹಾಕಿ, ಬಿಸಿಲಿಗೆ ಅವು ಸಾಯುತ್ತವೆ. ಹಾಕುವ ಮೊದಲೂ ನಂತರವೂ ಲಾನ್ ಚೆನ್ನಾಗಿ ತೇವವಾಗಿರಬೇಕು. ಅಕ್ಟೋಬರ್ ಕೊನೆಯಲ್ಲಿ ಲಾನ್ ಹೋದಮೇಲೆ ಓಡಿಹೋಗಿ ತಂದು ಹಾಕಿದರೆ ದುಡ್ಡು ಮಣ್ಣುಪಾಲು. ಆಗ ಮಗುಚಿದ ಹುಲ್ಲನ್ನು ತಿರುಗಿ ಹಾಸಿ, ನೀರು ಹಾಕಿ, ಮೇಲೆ ಬಲೆ ಹರಡಿ ಗೂಟ ಹೊಡೆಯಿರಿ. ಬೆರಳಿಗೆ ಬಲೆ ಸಿಕ್ಕಿಕೊಳ್ಳುವುದು ಅದಕ್ಕೆ ಇಷ್ಟವಾಗುವುದಿಲ್ಲ.

ಜೋಳದ ಪಾತಿಗೆ ಬೇಲಿ ಕೇಳುವವರಿಗೆ ಇಷ್ಟು: ಮರದ ಬೇಲಿ ಅದಕ್ಕೆ ಏಣಿ. ನೆಲದಿಂದ 15 ಮತ್ತು 30 ಸೆಂಟಿಮೀಟರ್ ಎತ್ತರದಲ್ಲಿ ಎರಡು ಎಳೆ ವಿದ್ಯುತ್ ತಂತಿ ಎಳೆದರೆ ಜೋಳ ಉಳಿಯುತ್ತದೆ. ಊರಲ್ಲಿ ಹಂದಿಗೆ ಹಾಕುವ ಸೋಲಾರ್ ಬೇಲಿಯ ತತ್ವವೇ, ಎತ್ತರ ಮಾತ್ರ ಕಡಿಮೆ. ಆದರೆ ಮನೆಗಳಿರುವ ಬಡಾವಣೆಯಲ್ಲಿ ಬಹಳಷ್ಟು ಊರಿನ ಬೈಲಾ ಇದನ್ನು ಬಿಡುವುದಿಲ್ಲ. ತಂತಿ ಕೊಳ್ಳುವ ಮೊದಲು ಸಿಟಿಯವರನ್ನು ಕೇಳಿ. ಬಿಡದಿದ್ದರೆ ನಾಲ್ಕು ಸಾಲು ಜೋಳಕ್ಕೋಸ್ಕರ ಒದ್ದಾಡಬೇಡಿ, ಬದನೆ, ಮೆಣಸಿನಕಾಯಿ ಹಾಕಿ.

ಡೆಕ್ ಕೆಳಗೆ ಬಿಡಾರ ಹೂಡಿದ್ದರೆ

ನಿಜವಾದ ಆಯ್ಕೆಯ ಪ್ರಶ್ನೆ ಬರುವುದು ಇಲ್ಲಿ. ಬೋನಿಟ್ಟು ಹಿಡಿಯುವುದೋ, ಹೊರಗೆ ಬಿಟ್ಟು ಬಾಗಿಲು ಮುಚ್ಚುವುದೋ?

ಬೋನಿನ ಕಥೆ ಮೊದಲು. ಒಂಟಾರಿಯೊದಲ್ಲಿ ಆಸ್ತಿಗೆ ಹಾನಿ ಮಾಡುವ ರಕೂನನ್ನು ಮನೆ ಮಾಲೀಕರು ಹಿಡಿಯಬಹುದು. ಆದರೆ ಹಿಡಿದ ಜಾಗದಿಂದ 1 ಕಿಲೋಮೀಟರ್ ಒಳಗೇ ಬಿಡಬೇಕು, ಅದೂ 24 ಗಂಟೆಯೊಳಗೆ. ದೂರದ ಅಲ್ಗಾಂಕ್ವಿನ್ ಪಾರ್ಕಿಗೆ ಪಿಕ್ನಿಕ್ ಹೋಗುವಾಗ ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಹೋಗಿ ಬಿಟ್ಟು ಬರೋಣ ಅನ್ನುವವರಿದ್ದಾರೆ, ಹಾಗೆ ಮಾಡುವಂತಿಲ್ಲ. ರೋಗ ಹರಡದಿರಲಿ ಅಂತ ಈ ನಿಯಮ. 1 ಕಿಲೋಮೀಟರ್ ಅಂದರೆ ಅದಕ್ಕೆ ಒಂದು ರಾತ್ರಿಯ ವಾಕಿಂಗ್, ನೀವು ವಾಪಸ್ ಬಂದು ಕಾಫಿ ಕುಡಿಯುವುದರೊಳಗೆ ದಾರಿ ಹಿಡಿದಿರುತ್ತದೆ. ಗಡಿಯಾಚೆ ಅಮೆರಿಕದಲ್ಲಿ ಇರುವ ಕೆಲವರಿಗೆ ಇನ್ನೂ ಬಿಗಿ. ಕ್ಯಾಲಿಫೋರ್ನಿಯಾದಲ್ಲಿ, ಮ್ಯಾಸಚೂಸೆಟ್ಸ್‌ನಲ್ಲಿ ಹಿಡಿದ ಪ್ರಾಣಿಯನ್ನು ಬೇರೆ ಕಡೆ ಸಾಗಿಸಿ ಬಿಡುವುದೇ ಕಾನೂನುಬಾಹಿರ. ಬೇ ಏರಿಯಾ, ಬಾಸ್ಟನ್ ಕಡೆಯವರು ಗಮನಿಸಿ. ಬೇರೆ ರಾಜ್ಯದವರು ತಮ್ಮ ರಾಜ್ಯದ ನಿಯಮ ನೋಡಿಕೊಳ್ಳಿ.

ಕಾನೂನು ಪಕ್ಕಕ್ಕಿಟ್ಟರೂ ಬೋನು ಕೆಟ್ಟ ಆಯ್ಕೆ. ನಿಮಗೆ ಬೇಕಾದದ್ದೇ ಬೀಳುತ್ತದೆ ಅಂತ ಏನೂ ಇಲ್ಲ. ಪಕ್ಕದ ಮನೆ ಬೆಕ್ಕು ಬೀಳಬಹುದು. ಸ್ಕಂಕ್ ಬಿದ್ದರೆ ಬಾಗಿಲು ತೆಗೆಯುವವರು ಯಾರು? ಏಪ್ರಿಲ್‌ನಲ್ಲಿ ತಾಯಿ ಬಿದ್ದರೆ ಮರಿಗಳು ಡೆಕ್ ಕೆಳಗೆ ಹಸಿವಿನಿಂದ ಸಾಯುತ್ತವೆ, ಆ ವಾಸನೆ ಜೂನ್‌ವರೆಗೂ ಹೋಗುವುದಿಲ್ಲ. ಇಷ್ಟೆಲ್ಲ ಆದಮೇಲೂ ಬಿಲ ತೆರೆದೇ ಇರುತ್ತದೆ, ಮುಂದಿನ ರಕೂನ್ ಬಂದು ಸೇರಿಕೊಳ್ಳುತ್ತದೆ. ಬೋನಿನ ದೊಡ್ಡ ದೋಷ ಇದೇ. ಪ್ರಾಣಿ ಹೋಗುತ್ತದೆ, ಖಾಲಿ ಮನೆ ಉಳಿಯುತ್ತದೆ. ವಿಷದ ಮಾತು ಎತ್ತಲೇಬೇಡಿ, ಅದು ಅಪರಾಧ.

ಇನ್ನೊಂದು ದಾರಿ ಒಮ್ಮುಖ ಬಾಗಿಲು. ಬಿಲದ ಬಾಯಿಗೆ ಹೊರಗೆ ಮಾತ್ರ ತೆರೆಯುವ ಜಾಲರಿ ಬಾಗಿಲು ಕೂರಿಸುವುದು. ರಾತ್ರಿ ತಾನೇ ತಳ್ಳಿಕೊಂಡು ಹೊರಗೆ ಹೋಗುತ್ತದೆ, ಬೆಳಗಿನ ಜಾವ ಬಂದರೆ ಒಳಗೆ ಬರಲಾಗುವುದಿಲ್ಲ. ರಕೂನಿಗೆ ಸುತ್ತಮುತ್ತ ಬೇರೆ ಬಿಡಾರಗಳೂ ಗೊತ್ತಿರುತ್ತವೆ, ಅಲ್ಲಿಗೆ ಹೋಗುತ್ತದೆ. ಬಾಗಿಲು ಕೂರಿಸುವ ಮೊದಲು ಡೆಕ್‌ನ ಉಳಿದ ಸುತ್ತೆಲ್ಲ ಜಾಲರಿ ಹಾಕಿ ಮುಗಿಸಿರಬೇಕು, ಇಲ್ಲದಿದ್ದರೆ ಪಕ್ಕದಲ್ಲಿ ಹೊಸ ಬಿಲ ತೋಡುತ್ತದೆ.

ಜಾಲರಿ ಅಂದರೆ ಕೋಳಿಗೂಡಿನ ತೆಳು ತಂತಿ ಅಲ್ಲ, ಅದನ್ನು ಎಳೆದು ಹರಿದುಹಾಕುತ್ತದೆ. ಅರ್ಧ ಇಂಚು ಕಣ್ಣಿನ, ದಪ್ಪ ತಂತಿಯ, ಗ್ಯಾಲ್ವನೈಸ್ ಮಾಡಿದ ಬೆಸುಗೆ ಜಾಲರಿ ಕೇಳಿ. ಡೆಕ್ ಅಂಚಿನ ಹಲಗೆಗೆ ವಾಷರ್ ಹಾಕಿ ಸ್ಕ್ರೂ ಹೊಡೆಯಿರಿ, ಬರೀ ಸ್ಟೇಪಲ್ ಸಾಲದು. ಕೆಳಗೆ ಒಂದಡಿ ಆಳದ ಚರಂಡಿ ತೋಡಿ, ಜಾಲರಿಯನ್ನು ಇಳಿಬಿಟ್ಟು, ತಳದಲ್ಲಿ ಹೊರಗಡೆಗೆ ಇನ್ನೊಂದಡಿ ಮಡಚಿ, ಮಣ್ಣು ಮುಚ್ಚಿ. ಗೋಡೆ ಪಕ್ಕ ತೋಡಿದರೆ ಕಾಲಿಗೆ ಈ ಮಡಚಿದ ಭಾಗ ಸಿಗುತ್ತದೆ. ಒಂದಡಿ ಹಿಂದೆ ಸರಿದು ತೋಡಬೇಕು ಅನ್ನುವ ಬುದ್ಧಿ ಇಷ್ಟೊಂದು ಚುರುಕಾದ ಪ್ರಾಣಿಗೂ ಸಾಮಾನ್ಯವಾಗಿ ಹೊಳೆಯುವುದಿಲ್ಲ, ನೋಡಿ.

ಒಳಗೆ ಯಾರೂ ಇಲ್ಲ ಅಂತ ಹೇಗೆ ಗೊತ್ತಾಗಬೇಕು? ಬಿಲದ ಬಾಯಿಗೆ ಹಳೇ ಪೇಪರ್ ಮುದುಡಿ ತುರುಕಿ. ಮಳೆ ಹಿಮ ಇಲ್ಲದ ಎರಡು ಮೂರು ರಾತ್ರಿ ಅದು ಅಲ್ಲಾಡದಿದ್ದರೆ ಖಾಲಿ. ಇನ್ನೂ ಅನುಮಾನವಿದ್ದರೆ ಬಾಯಿಯ ಮುಂದೆ ಮೈದಾ ಹಿಟ್ಟು ತೆಳ್ಳಗೆ ಉದುರಿಸಿ, ರಂಗೋಲಿ ಪುಡಿಯಾದರೂ ಸರಿ. ಬೆಳಿಗ್ಗೆ ಐದು ಬೆರಳಿನ ಗುರುತು ಹೊರಮುಖವಾಗಿದೆಯೋ ಒಳಮುಖವಾಗಿದೆಯೋ ನೋಡಿದರೆ ತಿಳಿಯುತ್ತದೆ.

ಕಾಲ ನೋಡಿ ಮಾಡಬೇಕಾದ ಕೆಲಸ ಇದು. ಮಾರ್ಚ್‌ನಿಂದ ಮೇವರೆಗೆ ಮರಿ ಹಾಕುವ ಕಾಲ, ಸಾಮಾನ್ಯವಾಗಿ ಮೂರರಿಂದ ಐದು ಮರಿ. ಅವು ತಾಯಿಯ ಹಿಂದೆ ಓಡಾಡುವಷ್ಟು ಆಗಲು ಎಂಟು ಹತ್ತು ವಾರ ಬೇಕು. ಆ ಹೊತ್ತಿನಲ್ಲಿ ಒಮ್ಮುಖ ಬಾಗಿಲು ಹಾಕಿದರೆ ತಾಯಿ ಹೊರಗೆ, ಮರಿ ಒಳಗೆ. ಮರಿಗೋಸ್ಕರ ಆ ತಾಯಿ ನಿಮ್ಮ ಡೆಕ್ ಹಲಗೆಯನ್ನೇ ಕಿತ್ತು ಹಾಕುತ್ತದೆ. ಆದಷ್ಟೂ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಾಡಿ. ಅಷ್ಟು ಕಾಯೋಕೆ ಆಗದಿದ್ದರೆ ಮನೆ ಹೊಕ್ಕ ಕಾಡುಪ್ರಾಣಿ ಹೊರಗೆ ಕಳಿಸುವ ಕಂಪನಿಯವರನ್ನು ಕರೆಯಿರಿ.

ನೀವೇ ಮಾಡೋದೋ, ಕರೆಸೋದೋ? ನೆಲದ ಮೇಲಿನ ಡೆಕ್, ಶೆಡ್, ಮರಿ ಇಲ್ಲದ ಕಾಲ, ಗುದ್ದಲಿ ಹಿಡಿಯೋಕೆ ಒಬ್ಬ ಸ್ನೇಹಿತ, ಇಷ್ಟಿದ್ದರೆ ಒಂದು ವಾರಾಂತ್ಯದ ಕೆಲಸ, ಖರ್ಚು ಜಾಲರಿ ಸ್ಕ್ರೂಗಳದ್ದು ಮಾತ್ರ. ಅಟ್ಟ, ಚಿಮಣಿ, ಮರಿ ಈ ಮೂರರಲ್ಲಿ ಒಂದಿದ್ದರೂ ಕರೆಸಿ. ಏಣಿ ಹತ್ತಿ ಸಿಟ್ಟಿಗೆದ್ದ ತಾಯಿಯ ಎದುರು ನಿಲ್ಲುವ ಸಾಹಸ ಯಾರಿಗೆ ಬೇಕು? ಕೆಲವು ನೂರು ಡಾಲರಿನಿಂದ ಶುರುವಾಗುತ್ತದೆ, ಅಟ್ಟದ ಕೆಲಸವಾದರೆ ಸಾವಿರ ದಾಟುವುದೂ ಉಂಟು. ಫೋನಿನಲ್ಲೇ ಒಂದು ಪ್ರಶ್ನೆ ಕೇಳಿ: ಮರಿ ಸಿಕ್ಕರೆ ಏನು ಮಾಡುತ್ತೀರಿ? ಕೈಯಲ್ಲಿ ತೆಗೆದು ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಬಾಗಿಲ ಹತ್ತಿರ ಇಡುತ್ತೇವೆ, ರಾತ್ರಿ ತಾಯಿ ಬಂದು ಒಂದೊಂದಾಗಿ ಕಚ್ಚಿಕೊಂಡು ಬೇರೆ ಬಿಡಾರಕ್ಕೆ ಸಾಗಿಸುತ್ತದೆ ಅಂದರೆ ಕೆಲಸ ಗೊತ್ತಿರುವವರು. ಎಲ್ಲವನ್ನೂ ಹಿಡಿದು ದೂರ ಬಿಟ್ಟು ಬರುತ್ತೇವೆ ಅಂದರೆ ಫೋನ್ ಇಡಿ. ಬಿಲ ಮುಚ್ಚಿದ ಕೆಲಸಕ್ಕೆ ವಾರಂಟಿ ಎಷ್ಟು ವರ್ಷ ಅಂತ ಬರೆದು ಕೊಡಿಸಿಕೊಳ್ಳಿ.

ಹೇಸಿಗೆಯ ವಿಷಯ, ಆದರೆ ಓದಿ

ರಕೂನ್ ಒಂದೇ ಕಡೆ ಮತ್ತೆ ಮತ್ತೆ ಮಲ ಹಾಕುತ್ತದೆ. ಚಪ್ಪಟೆ ಸೂರಿನ ಮೇಲೆ, ಸೌದೆ ರಾಶಿಯ ಮೇಲೆ, ಮರದ ಬುಡದಲ್ಲಿ, ಕೆಲವೊಮ್ಮೆ ಮಕ್ಕಳ ಮರಳಿನ ಪೆಟ್ಟಿಗೆಯಲ್ಲೂ. ಅದರಲ್ಲಿ ಒಂದು ಜಾತಿಯ ಜಂತುಹುಳದ ಮೊಟ್ಟೆ ಇರಬಹುದು. ಮನುಷ್ಯರಿಗೆ ತಗಲುವುದು ಅಪರೂಪ, ತಗಲಿದರೆ ಮೆದುಳು, ಕಣ್ಣಿಗೆ ಹೋಗಬಹುದು, ಮಣ್ಣು ಬಾಯಿಗೆ ಹಾಕುವ ಪುಟ್ಟ ಮಕ್ಕಳಿಗೆ ಅಪಾಯ ಜಾಸ್ತಿ. ಸಮಾಧಾನದ ಸಂಗತಿ ಏನೆಂದರೆ ಮೊಟ್ಟೆ ಸೋಂಕು ತರುವಷ್ಟು ಬಲಿಯಲು ಎರಡರಿಂದ ನಾಲ್ಕು ವಾರ ಬೇಕು. ಕಂಡ ತಕ್ಷಣ ತೆಗೆದರೆ ತೊಂದರೆ ಕಡಿಮೆ. ಗ್ಲೌಸ್, ಮಾಸ್ಕ್ ಹಾಕಿಕೊಳ್ಳಿ, ಧೂಳೇಳದಂತೆ ಮೊದಲು ನೀರು ಚಿಮುಕಿಸಿ, ಚೀಲಕ್ಕೆ ಹಾಕಿ ಕಟ್ಟಿ, ಆ ಜಾಗಕ್ಕೆ ಕುದಿಯುವ ನೀರು ಸುರಿಯಿರಿ. ಬ್ಲೀಚ್ ಈ ಮೊಟ್ಟೆಗಳನ್ನು ಕೊಲ್ಲುವುದಿಲ್ಲ. ಮರಳಿನ ಪೆಟ್ಟಿಗೆಗೆ ಮುಚ್ಚಳ ಇರಲಿ.

ರೇಬೀಸ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಒಂಟಾರಿಯೊದಲ್ಲಿ ಹತ್ತು ವರ್ಷ ಇರದಿದ್ದ ರಕೂನ್ ರೇಬೀಸ್ 2015ರ ಡಿಸೆಂಬರಿನಲ್ಲಿ ಹ್ಯಾಮಿಲ್ಟನ್‌ನಲ್ಲಿ ಮತ್ತೆ ಕಾಣಿಸಿಕೊಂಡಿತು. ಆಮೇಲೆ ಸರ್ಕಾರ ಲಸಿಕೆ ತುಂಬಿದ ತಿಂಡಿಯನ್ನು ಸಾವಿರಾರು ಕಡೆ ಹರಡಿತು. ಹಗಲು ಕಂಡ ರಕೂನ್‌ಗೆಲ್ಲ ರೇಬೀಸ್ ಇರುವುದಿಲ್ಲ, ಹಾಲೂಡಿಸುವ ತಾಯಿ ಹಗಲಲ್ಲೂ ಊಟ ಹುಡುಕುತ್ತದೆ. ತೂರಾಡುತ್ತಿದ್ದರೆ, ಹತ್ತಿರ ಹೋದರೂ ಓಡದಿದ್ದರೆ ಒಳಗೆ ಬನ್ನಿ, ಮಕ್ಕಳು ನಾಯಿಯನ್ನೂ ಕರೆದುಕೊಳ್ಳಿ, 311ಕ್ಕೆ ಫೋನ್ ಮಾಡಿ. ನಾಯಿಗಳಿಗೆ ಬರುವ ವೈರಸ್ ರೋಗ ಡಿಸ್ಟೆಂಪರ್‌ಗೂ ನಿಮ್ಮ ನಾಯಿಗೆ ಲಸಿಕೆ ಆಗಿರಲಿ, ಟೊರೊಂಟೊ ರಕೂನ್‌ಗಳಲ್ಲಿ ಅದೂ ಇದೆ. ಕಚ್ಚಿದರೆ, ಪರಚಿದರೆ ಸೋಪು ನೀರಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ, ನಾಳೆ ನೋಡೋಣ ಅನ್ನಬೇಡಿ.

ಬಾಡಿಗೆ ಮನೆಯಲ್ಲಿರುವವರು ಇದರಲ್ಲಿ ಯಾವುದಕ್ಕೂ ಮೊದಲೇ ಸ್ವಂತ ದುಡ್ಡು ಹಾಕಬೇಡಿ. ಒಂಟಾರಿಯೊದಲ್ಲಿ ಮನೆಯನ್ನು ಸುಸ್ಥಿತಿಯಲ್ಲಿಡುವ ಹೊಣೆ ಮಾಲೀಕರದ್ದು. ಬಿಲದ ಫೋಟೋ, ಮಲದ ಫೋಟೋ, ದಿನಾಂಕ ಹಾಕಿ ಈಮೇಲ್ ಕಳಿಸಿ, ಬಾಯಲ್ಲಿ ಹೇಳಿ ಬಿಡಬೇಡಿ. ಟೌನ್‌ಹೌಸ್ ಆದರೆ ಸೂರು ಹೆಚ್ಚಾಗಿ ಕಾಂಡೋ ಕಾರ್ಪೊರೇಷನ್‌ಗೆ, ಅಂದರೆ ಮಾಲೀಕರೆಲ್ಲರ ಸಂಘಕ್ಕೆ, ಸೇರಿದ್ದು, ಮ್ಯಾನೇಜರಿಗೆ ಬರೆಯಿರಿ. ಉತ್ತರ ಬರುವವರೆಗೂ ಕಸದ ಡಬ್ಬ ಗ್ಯಾರೇಜಿನಲ್ಲಿರಲಿ, ಡೆಕ್ ಕೆಳಗೆ ಕೈ ಹಾಕಿ ನೋಡಬೇಡಿ.